ಮೊಟ್ಟೆ ಲಸಾದನ ರಜಾದಿನ

ಲಸಾದನಿಗೆ ಬಂದ ಕಷ್ಟಕ್ಕೆಲ್ಲ ಮೂಲ ಅವನ ತಲೆಯ ಮೇಲಿನ ಟೊಪ್ಪಿ.

ಟೊಪ್ಪಿ ಎಂದರೆ ಅಂತಿಂಥದಲ್ಲ. ಗಂಜಿ ಹಾಕಿ ನೆಟ್ಟಗೆ ನಿಲ್ಲಿಸಿದ, ಅವನ ಊರಾದ ಸೂಸ್‌ನ ಬಂದರಿನ ದೀಪಸ್ತಂಭಕ್ಕೆ ತಮ್ಮನಂತಿದ್ದ ಬಿಳಿ ಟೊಪ್ಪಿ. ಅದನ್ನು ಧರಿಸಿ ಅವನು ಕಡಲ ದಂಡೆಯ ದೊಡ್ಡ ಹೋಟೆಲೊಂದರಲ್ಲಿ ಹನ್ನೆರಡು ವರ್ಷದಿಂದ ಅತಿಥಿಗಳ ಎದುರಿಗೇ ನಿಂತು ಮೊಟ್ಟೆ ಒಡೆದು ಆಮ್ಲೆಟ್ ಹಾಕಿಕೊಡುತ್ತಿದ್ದ. ಕೇರಿಯಲ್ಲಿ ಅವನಿಗೆ ಮೊಟ್ಟೆ ಲಸಾದ್ ಎಂದೇ ಹೆಸರು. ಪರದೇಶದ ಅತಿಥಿಗಳು ಟೊಪ್ಪಿಯನ್ನು ನೋಡುತ್ತಿದ್ದರು, ಬಾಣಲೆಯನ್ನು ನೋಡುತ್ತಿದ್ದರು. ಎರಡರ ನಡುವೆ ಒಂದು ಮುಖವೂ ಇದೆ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಲಸಾದನಾದರೂ ಅಷ್ಟೇ. ಅತಿಥಿಗಳನ್ನು ಅವನು ನೆನಪಿಟ್ಟುಕೊಳ್ಳುತ್ತಿದ್ದುದು ಅವರು ತಿನ್ನುವ ಮೊಟ್ಟೆಯಿಂದ. ಹಳದಿ ಬೇಡದವನು, ಈರುಳ್ಳಿಯವಳು, ಎರಡು ಮಗ್ಗುಲೂ ಸುಟ್ಟಿರಬೇಕೆನ್ನುವ ಪಾದ್ರಿ, ಹೀಗೆ. ಟೊಪ್ಪಿ ಕಳಚಿ ಬೀದಿಗಿಳಿದರೆ ಅವನೊಬ್ಬ ಬೋಳುತಲೆಯ ಕುಳ್ಳ, ಅಷ್ಟೆ. ಬೆಳಗ್ಗೆ ಅವನ ಕೈಯಿಂದ ತಿಂದವರು ಸಂಜೆ ದಂಡೆಯಲ್ಲಿ ಅವನನ್ನು ಕಂಬವೆಂದು ತಿಳಿದು ಸುತ್ತಿಕೊಂಡು ಹೋಗುತ್ತಿದ್ದರು.

ಈ ಗುಟ್ಟನ್ನು ಹಳೇಪೇಟೆಯ ಯಾವನೋ ಚಾಲಾಕಿ ಕಂಡುಹಿಡಿದುಬಿಟ್ಟ. ಪೇಟೆಯ ಹೆಬ್ಬಾಗಿಲಲ್ಲಿ ನಿಂತು, ಬಂದ ಪ್ರವಾಸಿಗಳಿಗೆ ಕೈಮುಗಿಯುವುದೊಂದೇ ಬಾಕಿ ಎನ್ನುವಷ್ಟು ವಿನಯದಿಂದ, "ಗುರುತು ಸಿಗಲಿಲ್ವಾ? ನಿಮ್ಮ ಹೋಟೆಲಿನ ಅಡುಗೆಯವನು ನಾನು! ಟೊಪ್ಪಿ ಇಲ್ಲ ನೋಡಿ, ಅದಕ್ಕೆ," ಎನ್ನುತ್ತಿದ್ದ. ಪ್ರವಾಸಿಗಳು ನಾಚಿಕೊಂಡು ನಗುತ್ತಿದ್ದರು. "ಇವತ್ತು ರತ್ನಗಂಬಳಿ ಸಂತೆಯ ಕೊನೇ ದಿನ, ನಾಳೆ ಇರಲ್ಲ," ಎಂದು ಅವನು ಅವರನ್ನು ಕರೆದೊಯ್ಯುತ್ತಿದ್ದ. ಆ ಕೊನೇ ದಿನ ವರ್ಷದ ಎಲ್ಲಾ ದಿನವೂ ಇರುತ್ತಿತ್ತು.

ದೂರುಗಳು ಬಂದವು. ಹೋಟೆಲಿನ ಮ್ಯಾನೇಜರು ಶೆಡ್ಲಿ ಲಸಾದನನ್ನು ಕರೆಸಿದ.

"ಇದು ಮೂರನೇದು ಲಸಾದ್. 'ನಿಮ್ಮ ಅಡುಗೆಯವನು ನಮ್ಮನ್ನ ಕಂಬಳಿ ಅಂಗಡಿಗೆ ಕರ್ಕೊಂಡು ಹೋಗಿ ನುಣ್ಣಗೆ ಬೋಳಿಸಿದ' ಅಂತಿದಾರೆ."

"ದೇವರಾಣೆ ನಾನಲ್ಲ, ಯಜಮಾನ್ರೇ!"

"ನೀನಲ್ಲ ಅಂತ ನನಗೆ ಗೊತ್ತಪ್ಪ. ನಿನಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ಬೇಕು? ಆದರೆ ಪ್ರವಾಸದ ಕಂಪನಿಯವರು ಕೇಳಿದಾಗ ನಾನು ಯಾರನ್ನಾದರೂ ತೋರಿಸಬೇಕಲ್ಲ. ಅತಿಥಿಗಳ ಎದುರಿಗೆ ನಿಂತು ಬೇಯಿಸೋ ಅಡುಗೆಯವನು ಇರೋದು ನೀನೊಬ್ಬನೇ. ಇನ್ನೊಂದು ದೂರು ಬಂತೋ, ಚಳಿಗಾಲದ ಕೆಲಸ ಮರೆತುಬಿಡು."

ಲಸಾದನ ಎದೆ ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಾಯಿತು. ಚಳಿಗಾಲದಲ್ಲಿ ಹೋಟೆಲು ಅರ್ಧ ಮುಚ್ಚುತ್ತದೆ. ಉಳಿಸಿಕೊಂಡವರಿಗೆ ಸಂಬಳ, ಉಳಿದವರಿಗೆ ಕಾಫಿ ಅಂಗಡಿಯ ಕಟ್ಟೆ. ಹಿಂದಿನ ವರ್ಷ ಅವನು ಕಟ್ಟೆಯನ್ನೂ ಬಿಟ್ಟು ಮನೆಯಲ್ಲೇ ಕುಳಿತು, ಹೆಂಡತಿ ಮನೂಬಿಯಾಳ ಅಡುಗೆಗೆ ಇಡೀ ಚಳಿಗಾಲ ಸಲಹೆ ಕೊಟ್ಟಿದ್ದ. ಈ ಸಲವೂ ಮನೆಯಲ್ಲಿ ಕುಳಿತರೆ ತಾನು ಕೈರವಾನಿನ ತವರಿಗೆ ಹೋಗುವುದಾಗಿ ಅವಳು ಆಗಲೇ ತಿಳಿಸಿದ್ದಳು. ಹೆದರಿಸಲು ಅಲ್ಲ, ಬರೀ ತಿಳಿಸಲು, ಹವಾಮಾನ ತಿಳಿಸಿದಂತೆ.

ಮರುದಿನ ಅವನಿಗೆ ವಾರದ ರಜೆ. ಹಳದಿ ಬೇಡದವನೂ ಈರುಳ್ಳಿಯವಳೂ, ಎಂದರೆ ಜರ್ಮನಿಯ ವೃದ್ಧ ದಂಪತಿ ಎಕ್‌ಹಾರ್ಟ್ ಮತ್ತು ಹೈಡ್ರುನ್, ಆ ದಿನ ಹಳೇಪೇಟೆಗೆ ಹೋಗುವ ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ನಾಲ್ಕನೇ ದೂರು ತನ್ನ ಕಣ್ಣೆದುರಿಗೇ ಕಾಲು ಬಂದು ನಡೆಯುತ್ತಿರುವಂತೆ ಅವನಿಗೆ ತೋರಿತು.

"ರಜಾ ದಿನ ಗಂಡಸರು ಮೀನು ಹಿಡಿಯೋಕೆ ಹೋಗ್ತಾರೆ. ನೀನು ಕಳ್ಳನ್ನ ಹಿಡಿಯೋಕೆ ಹೊರಟೆಯಾ?" ಎಂದಳು ಮನೂಬಿಯಾ.

"ಹಿಡಿಯೋಕಲ್ವೇ ಮಾರಾಯ್ತಿ. ಆ ಮುದುಕರಿಗೆ ಹುಷಾರು ಅಂತ ಎರಡು ಮಾತು ಹೇಳಿ ಬಂದುಬಿಡ್ತೀನಿ."

"ನೀನು ಎರಡು ಮಾತಾಡಿ ಬಂದಾಗೆಲ್ಲ ನಾನು ಇಪ್ಪತ್ತು ಮನೆಗೆ ಹೋಗಿ ಕ್ಷಮೆ ಕೇಳಿದೀನಿ. ಸುಮ್ನೆ ಕೂತ್ಕೋ."

ಅವನು ಸುಮ್ಮನೆ ಕೂರಲಿಲ್ಲ. "ಯಾ ಲತೀಫ್, ಯಾ ಲತೀಫ್," ಎಂದು ಕರುಣಾಮಯನನ್ನು ತುಟಿಯಲ್ಲೇ ಜಪಿಸುತ್ತ ಹೆಬ್ಬಾಗಿಲಿಗೆ ಬಂದು ನಿಂತ. ಸ್ವಲ್ಪ ಹೊತ್ತಿಗೆ ಎತ್ತರದ ಆಳೊಬ್ಬ, ಇಸ್ತ್ರಿ ಅಂಗಿ, ಮೀಸೆಗೆ ಎಣ್ಣೆ, ಕಿವಿಯ ಮೇಲೆ ಮಲ್ಲಿಗೆಯ ಪುಟ್ಟ ಗೊಂಚಲು, ಬಂದು ಅವನ ಪಕ್ಕದಲ್ಲಿ ನಿಂತ.

"ಹೊಸಬನಾ? ಇಲ್ಲಿ ಏನು ಕೆಲಸ ನಿನಗೆ?"

"ನಾನು ದಂಡೆಯ ದೊಡ್ಡ ಹೋಟೆಲಿನ ಅಡುಗೆಯವನು," ಎಂದ ಲಸಾದ್.

ಆಳು ಅವನನ್ನು ಕನಿಕರದಿಂದ ಮೇಲಿಂದ ಕೆಳಗೆ ನೋಡಿದ. "ಅಣ್ಣಾ, ಆ ಹೋಟೆಲಿನ ಅಡುಗೆಯವನು ನಾನು. ಝುಹೇರ್ ಅಂತ. ಎರಡು ವರ್ಷದಿಂದ ನಾನೇ. ನೀನು ಬೇಕಾದ್ರೆ ಪಕ್ಕದ ಹೋಟೆಲಿನ ತೋಟದ ಮಾಲಿ ಆಗು, ಆ ಜಾಗ ಖಾಲಿ ಬಿದ್ದಿದೆ."

"ಅಲ್ಲಯ್ಯಾ, ನಾನು ನಿಜವಾಗ್ಲೂ ಅಡುಗೆಯವನು!"

"ನಾನೂ ನಿಜವಾಗ್ಲೂನೇ. ಹಾಗೆ ಹೇಳದೆ ಹೋದ್ರೆ ಯಾರಾದ್ರೂ ನಂಬ್ತಾರಾ?"

"ಲೋ, ಮೊಟ್ಟೆ ಒಡೆಯೋಕೆ ಬರುತ್ತೇನೋ ನಿನಗೆ?"

"ನೋಡು, ಒಂದು ಊರಲ್ಲಿ ಎರಡು ಅಡುಗೆಯವರು ಜಗಳ ಆಡಬಾರ್ದು. ಮೊದಲ ಗಿರಾಕಿ ನಿಂದೇ ಆಗಲಿ. ಹೋಗು, ಕಲಿ." ಝುಹೇರ್ ಕೋಟೆಗೋಡೆಗೆ ಒರಗಿ, ಶಿಷ್ಯನ ಪಾಠ ಕೇಳುವ ಗುರುವಿನಂತೆ ಕೈಕಟ್ಟಿ ನಿಂತ.

ಅಷ್ಟರಲ್ಲಿ ದಂಪತಿ ಬಂದೇಬಿಟ್ಟರು. ಲಸಾದ್ ಓಡಿದ.

"ಸ್ವಾಮೀ, ಅಮ್ಮಾ, ಒಂದ್ನಿಮಿಷ! ನಾನು ನಿಮ್ಮ ಹೋಟೆಲಿನ ಅಡುಗೆಯವನು!"

ಶುಕ್ರವಾರದ ನಮಾಜಿನ ಹೊತ್ತಿಗೆ ಅಂಗಡಿ ಬಾಗಿಲು ಬೀಳುವಂತೆ ಇಬ್ಬರ ಮುಖವೂ ದಡದಡನೆ ಮುಚ್ಚಿಕೊಂಡಿತು. ಬಂದ ದಿನವೇ ಪ್ರವಾಸದ ಕಂಪನಿಯ ಹುಡುಗಿ ಅವರನ್ನು ಕೂರಿಸಿಕೊಂಡು ಹೇಳಿದ್ದಳು: ಪೇಟೆಯಲ್ಲಿ ಯಾರಾದರೂ 'ನಾನು ನಿಮ್ಮ ಹೋಟೆಲಿನವನು' ಎಂದರೆ ನಿಲ್ಲಬೇಡಿ, ಮಾತಾಡಬೇಡಿ, ನಡೆದುಬಿಡಿ.

"ಗೊತ್ತಾಯ್ತು," ಎಂದ ಎಕ್‌ಹಾರ್ಟ್. "ಟೊಪ್ಪಿ ಇಲ್ಲ, ಅದಕ್ಕೆ ನಮಗೆ ಗುರುತು ಸಿಗ್ತಿಲ್ಲ. ಹೌದೋ ಅಲ್ವೋ?"

"ಹೌದು ಹೌದು! ಅದೇ!" ಲಸಾದನ ಕಣ್ಣಲ್ಲಿ ನೀರೇ ಬಂತು. "ಸದ್ಯ, ನಿಮಗಾದ್ರೂ ಅರ್ಥವಾಯ್ತಲ್ಲ. ನೋಡಿ, ಇಲ್ಲಿ ಒಬ್ಬ ಕಳ್ಳ ಇದಾನೆ. ಬಂದು, ನಾನು ನಿಮ್ಮ ಅಡುಗೆಯವನು ಅಂತಾನೆ. ನಂಬಬೇಡಿ."

"ನಂಬಲ್ಲ," ಎಂದಳು ಹೈಡ್ರುನ್, ಕೈಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡು. "ಸ್ವಲ್ಪವೂ ನಂಬಲ್ಲ." ಅವಳ ಕಾಲು ಆಗಲೇ ಬಿರುಸಾಗಿತ್ತು.

"ಅವನನ್ನ ನಂಬಬೇಡಿ ಅಂದೆ ತಾಯಿ, ನನ್ನನ್ನ ನಂಬಿ!"

"ಅವನೂ ಹಾಗೇ ಹೇಳ್ತಾನೇನೋ?"

ಹೌದಲ್ಲ, ಎಂದುಕೊಂಡ ಲಸಾದ್. ಬೆವರು ಬೋಳುತಲೆಯಿಂದ ಹಳ್ಳಕೊಳ್ಳ ಹಿಡಿದು ಇಳಿಯತೊಡಗಿತು. ಅವನ ಬಳಿ ಇದ್ದ ಸಾಕ್ಷಿ ಒಂದೇ. ಅದನ್ನೇ ಕೂಗಿದ: "ಸ್ವಾಮೀ, ನೀವು ಹಳದಿ ತಿನ್ನಲ್ಲ! ಅಮ್ಮಾವ್ರಿಗೆ ಈರುಳ್ಳಿ ಬೇಕು, ಟೊಮ್ಯಾಟೊ ಆಗಲ್ಲ! ಮಂಗಳವಾರ ಎರಡು ಸಲ ಹಾಕಿಸ್ಕೊಂಡ್ರಿ!"

ಹೈಡ್ರುನ್ ಅಲ್ಲೇ ಕಲ್ಲಾದಳು. ಆಮೇಲೆ ಗಂಡನ ತೋಳು ಹಿಡಿದಳು. "ಎಕ್‌ಹಾರ್ಟ್! ಇವನು ಮಂಗಳವಾರದಿಂದ ನಮ್ಮ ಮೇಲೆ ಕಣ್ಣಿಟ್ಟಿದಾನೆ!"

ಎಪ್ಪತ್ತು ದಾಟಿದವರು ಅಷ್ಟು ವೇಗವಾಗಿ ಓಡಿದ್ದನ್ನು ಹಳೇಪೇಟೆ ಅದಕ್ಕೆ ಮುಂಚೆ ಕಂಡಿರಲಿಲ್ಲ. ಎದುರಿಗೆ ತೆರೆದಿದ್ದ ಮೊದಲ ಬಾಗಿಲಿಗೆ ನುಗ್ಗಿದರು. ಅದು ತೀಜಾನಿಯ ರತ್ನಗಂಬಳಿ ಅಂಗಡಿ.

"ಅಯ್ಯೋ, ಅಲ್ಲಿಗಲ್ಲ!" ಎಂದು ಲಸಾದ್ ಗಾಜಿಗೆ ಮೂಗು ಒತ್ತಿ ಎರಡೂ ಕೈ ಬೀಸಿದ. ಒಳಗಿನಿಂದ ನೋಡಿದರೆ ಅದು ಕೊಲೆಗಡುಕನ ಮುಖದಂತೆಯೇ ಕಾಣುತ್ತಿತ್ತು. ತೀಜಾನಿ ಬಂದು, "ಹೆದರಬೇಡಿ, ಇದು ನಿಮ್ಮ ಮನೆ," ಎಂದು ಪರದೆ ಎಳೆದ. ಪುದೀನ ಚಹಾ ಬಂತು. ಕಂಬಳಿಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಪ್ರಾಣ ಉಳಿಸಿದವನ ಬಳಿ ಚೌಕಾಸಿ ಮಾಡುವುದು ಹೇಗೆ? ದಂಪತಿ ಕೇಳಿದ್ದು ಕೊಟ್ಟರು.

ಬಹಳ ಹೊತ್ತಿನ ಮೇಲೆ ಹಿಂಬಾಗಿಲಿನಿಂದ ಹೊರಬಂದ ತೀಜಾನಿ, ಲಸಾದನ ಅಂಗಿಯ ಜೇಬಿಗೆ ಮಡಿಸಿದ ನೋಟುಗಳನ್ನು ತುರುಕಿದ.

"ಇದೇನಿದು?"

"ನಿನ್ನ ಪಾಲು ಕಣಪ್ಪ. ನಮ್ಮಪ್ಪನ ಕಾಲದಿಂದ ನೋಡ್ತಾ ಇದೀನಿ, ಎಲ್ಲಾರೂ ಗಿರಾಕಿನ ಅಂಗಡಿಗೆ ಎಳೀತಾರೆ. ಎಳೆದಷ್ಟೂ ಅವರು ಹಿಂದಕ್ಕೆ ಜಗ್ತಾರೆ. ನೀನು ತಳ್ತೀಯಲ್ಲೋ! ಆಹಾ! ಯಾರ ಹತ್ರ ಕಲಿತೆ?"

"ನನಗೆ ಬೇಡ! ನಾನು ಅಡುಗೆಯವನು!"

"ನನ್ನ ಹತ್ರಾನೂ ಅದೇ ಹೇಳ್ತೀಯಲ್ಲೋ," ಎಂದು ತೀಜಾನಿ ಹೊಟ್ಟೆ ಹಿಡಿದು ನಕ್ಕ. "ಪಾತ್ರ ಬಿಡೋದೇ ಇಲ್ಲ ಪುಣ್ಯಾತ್ಮ!"

ಜೇಬಿನಲ್ಲಿ ಆ ದುಡ್ಡು ಕೆಂಡದಂತೆ ಸುಡುತ್ತಿತ್ತು. ಹತ್ತಿರದ ಮಸೀದಿಯ ಬಾಗಿಲಲ್ಲಿದ್ದ ದಾನದ ಪೆಟ್ಟಿಗೆಗೆ ಅಷ್ಟನ್ನೂ ಹಾಕಿ ತಿರುಗಿದರೆ, ಬೀದಿಯ ಅಂಗಡಿಗಳವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. "ದೈವಭಕ್ತ ಬೇರೆ!" ಎಂದನೊಬ್ಬ ಮೆಚ್ಚಿಕೆಯಿಂದ. "ಇಂಥ ಮುಖ ಇದ್ರೆ ಯಾರ ಮನೆ ಬೇಕಾದ್ರೂ ಮಾರಬಹುದು."

ಅದೇ ಹೊತ್ತಿಗೆ ದಂಪತಿ, ಗಂಡನ ಹೆಗಲ ಮೇಲೆ ಕಂಬಳಿಯ ಸುರುಳಿ, ಮೆಲ್ಲಗೆ ಹೊರಗೆ ಇಣುಕಿದರು. ಲಸಾದ್ ಈ ಸಲ ಹತ್ತಿರ ಹೋಗಲಿಲ್ಲ. ದೂರದಿಂದಲೇ ಕಾವಲು ಕಾಯೋಣ, ಇನ್ನೊಂದು ಅಂಗಡಿ ಹೊಗದಂತೆ ನೋಡಿಕೊಂಡರೆ ಸಾಕು ಎಂದುಕೊಂಡ. ಆದರೆ ಅವನ ದುರದೃಷ್ಟಕ್ಕೆ ಆ ಮೂಲೆಯಲ್ಲೇ ಹಮ್ಮಾದಿ ಎಣ್ಣೆ ಕಾಯಿಸಿಕೊಂಡು ಬಂಬಲೂನಿ ಎಂಬ ಸಿಹಿ ವಡೆ ಕರಿಯುತ್ತಿದ್ದ. ಹಮ್ಮಾದಿ ಅವನ ಪಕ್ಕದ ಮನೆಯವನು. ಉಪಕಾರ ಮಾಡದೆ ಇರಲಾರದ ಜಾತಿಯ ಮನುಷ್ಯ.

"ಲಸಾದ್! ಏನೋ ಇದು, ಕಳ್ಳಬೆಕ್ಕಿನ ಹಾಗೆ ಗೋಡೆಗೆ ಅಂಟ್ಕೊಂಡಿದೀಯಾ?"

ಲಸಾದ್ ಪಿಸುದನಿಯಲ್ಲಿ ಕತೆ ಹೇಳಿದ. ಹಮ್ಮಾದಿಗೆ ಪಿಸುದನಿ ಎಂಬುದು ದೇವರು ಕೊಟ್ಟಿರಲಿಲ್ಲ.

"ಅಷ್ಟೇನಾ? ನನಗೆ ಬಿಡು!" ಜಾಲರಿ ಸೌಟು ಎತ್ತಿ ಹಿಡಿದು ಬೀದಿಯ ನಡುವೆ ಬಂದ. "ಓ ಜರ್ಮನಿಯವರೇ! ಇವನು ಒಳ್ಳೇವನು! ನಿಜವಾಗ್ಲೂ ಅಡುಗೆಯವನು! ನಾನು ಸಾಕ್ಷಿ!"

ಪಕ್ಕದ ಚಪ್ಪಲಿ ಅಂಗಡಿಯವನಿಗೆ ಏನೂ ಗೊತ್ತಿರಲಿಲ್ಲ, ಆದರೂ ಒಬ್ಬ ಬಡವನ ವ್ಯಾಪಾರಕ್ಕೆ ಕೈಜೋಡಿಸುವುದು ಧರ್ಮವೆಂದು, "ಹೌದೌದು, ಅಡುಗೆಯವನೇ!" ಎಂದ. ಮಡಕೆಯವನು ಎದ್ದು ನಿಂತ. "ನಮ್ಮೂರಿನ ಅಡುಗೆಯವರಲ್ಲೇ ದೊಡ್ಡವನು!" ಕೊನೆಗೆ ಹೆಬ್ಬಾಗಿಲಿನ ಕಡೆಯಿಂದ ಝುಹೇರನ ದನಿ ಗಂಟೆಯಂತೆ ಬಂತು: "ಅವನೇ ಅಡುಗೆಯವನು, ನಾನು ಬಲ್ಲೆ! ನಾವಿಬ್ಬರೂ ಒಂದೇ ಒಲೆ!"

ಬೀದಿಗೆ ಬೀದಿಯೇ ಒಂದು ಕಳ್ಳರ ಗುಂಪೆಂದು ಈಗ ದಂಪತಿಗೆ ಖಾತ್ರಿಯಾಯಿತು. ಕಂಬಳಿಯೊಂದಿಗೆ ಅವರು ಅತ್ತರಿನ ಅಂಗಡಿಗೆ ನುಗ್ಗಿದರು; ಅಲ್ಲಿಂದ ಹೊರಬಂದಾಗ ಆರು ಸೀಸೆಗಳಿದ್ದವು, ಆರರಲ್ಲೂ ಒಂದೇ ವಾಸನೆ. ಅಲ್ಲಿಂದ ಬೆಳ್ಳಿಯ ಅಂಗಡಿಗೆ. ಅಲ್ಲಿ ಕೊಂಡ ಕೆಟ್ಟಕಣ್ಣು ತಡೆಯುವ ಬೆಳ್ಳಿಯ ಹಸ್ತ ಸಂಜೆಯೊಳಗೆ ಹಸಿರಾಗಲಿತ್ತು. ಅಂಗಡಿ ಅಂಗಡಿಯಲ್ಲೂ ಲಸಾದ್ ಕಿಟಕಿಯಲ್ಲಿ ಮುಖ ತೋರಿಸಿ, "ಅದು ಬೆಳ್ಳಿಯಲ್ಲ!" ಎಂದು ಸನ್ನೆ ಮಾಡುತ್ತಿದ್ದ, ಅವನ ಮುಖ ಕಂಡಷ್ಟೂ ಹೈಡ್ರುನ್ ಅಂಗಡಿಯ ಒಳಕ್ಕೆ ಒಳಕ್ಕೆ ಸರಿದು, ಅಲ್ಲಿ ಇನ್ನೂ ದುಬಾರಿಯ ಸಾಮಾನು ಕಾಣುತ್ತಿದ್ದಳು. ಪ್ರತಿ ಅಂಗಡಿಯವನೂ ಹೊರಬಂದು ಅವನ ಜೇಬು ತುಂಬಿದ. ಬೇಡವೆಂದರೆ, "ಕಡಿಮೆ ಆಯ್ತಾ ಉಸ್ತಾದ್?" ಎಂದು ಇನ್ನೂ ಸೇರಿಸಿದ. ಮಸೀದಿಯ ಪೆಟ್ಟಿಗೆಗೆ ಅಂಥ ದಿನ ಬಂದೇ ಇರಲಿಲ್ಲ.

ಕೊನೆಗೆ ದಂಪತಿ ಊರ ಹೊರಗಿನ ಗೋಡೆಯ ಬಳಿ ಕುದುರೆಗಾಡಿ ಹತ್ತಿದ್ದನ್ನು ಕಂಡು ಲಸಾದ್ ತಾಳ್ಮೆ ಕಳೆದುಕೊಂಡ. ಆ ಗಾಡಿಯವನನ್ನು ಅವನು ಬಲ್ಲ. ಹತ್ತಲು ಒಂದು ರೇಟು, ಇಳಿಯಲು ಇನ್ನೊಂದು. ಓಡಿಹೋಗಿ ಕುದುರೆಯ ಕಡಿವಾಣಕ್ಕೆ ಜೋತುಬಿದ್ದ.

"ಇಳೀರಿ ತಾಯಿ! ಕಾಲಿಗೆ ಬೀಳ್ತೀನಿ! ಇವನು ನಿಮ್ಮನ್ನ ಇಳಿಸೋದಿಲ್ಲ!"

"ಓಡ್ಸು!" ಎಂದು ಎಕ್‌ಹಾರ್ಟ್ ಗಾಡಿಯವನ ಭುಜ ಗುದ್ದಿದ. "ಎಷ್ಟಾದರೂ ಕೊಡ್ತೀನಿ, ಓಡ್ಸು!"

ಗಾಡಿಯವನ ಜೀವಮಾನದಲ್ಲಿ ಯಾರೂ ಅಂಥ ಮಾತು ಹೇಳಿರಲಿಲ್ಲ. ಅವನು ಕಣ್ಣಲ್ಲೇ ಲಸಾದನಿಗೆ ವಂದಿಸಿ ಚಾವಟಿ ಬೀಸಿದ. ಕುದುರೆ ಮುಂದಕ್ಕೆ ಹಾರಿತು, ಲಸಾದ್ ಪಕ್ಕದ ಮೀನಿನ ಬುಟ್ಟಿಗೆ ಹಾರಿದ. ಅವನು ಎದ್ದು ಶರ್ಟಿನೊಳಗಿಂದ ಸಾರ್ಡೀನ್ ತೆಗೆಯುವಷ್ಟರಲ್ಲಿ ಗಾಡಿ ಕಡಲ ದಂಡೆಯ ತುದಿಯಲ್ಲಿ ಚುಕ್ಕೆಯಾಗಿತ್ತು.

ಸಂಜೆ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆ ಬಂದು ಚಾಪೆ ಹಾಸಿಕೊಂಡು ಕುಳಿತಿತ್ತು.

"ಹಮ್ಮಾದಿಯ ಹೆಂಡತಿ ಎಲ್ಲಾ ಹೇಳಿದಳು. ಇಡೀ ಪೇಟೆ ನಿನಗೆ ದುಡ್ಡು ಕೊಡ್ತಂತೆ?" ಎಂದಳು ಮನೂಬಿಯಾ. "ಎಲ್ಲಿ?"

"ಮಸೀದಿ ಪೆಟ್ಟಿಗೆಗೆ ಹಾಕಿದೆ."

"ಎಲ್ಲಾನೂ?"

"ಹರಾಮಿನ ದುಡ್ಡು ಕಣೇ."

ಅವಳು ಅವನನ್ನೂ, ಅವನ ಕಾಲರಿನಲ್ಲಿ ಉಳಿದಿದ್ದ ಮೀನಿನ ಬಾಲವನ್ನೂ ನೋಡಿದಳು. "ಒಳ್ಳೇದು ಮಾಡಿದೆ," ಎಂದಳು. ಆಮೇಲೆ ಮೆಲ್ಲಗೆ, "ಕೈರವಾನಿನಲ್ಲಿ ಈಗ ಚಳಿ ಶುರುವಾಗಿರುತ್ತೆ ಅಲ್ವಾ?" ಎಂದು ಕಪಾಟಿನಿಂದ ಶಾಲು ತೆಗೆದಳು.

ಮರುದಿನ ಬೆಳಗ್ಗೆ ಲಸಾದ್ ಟೊಪ್ಪಿ ಧರಿಸಿ ನಿಂತಾಗ ಅವನ ಕೈಗೆ ಮೊಟ್ಟೆ ಕೂಡ ಭಾರವೆನಿಸಿತು. ನೆನೆದಂತೆಯೇ ಕರೆ ಬಂತು. ಟೊಪ್ಪಿಯಲ್ಲೇ, ಸೌಟು ಹಿಡಿದೇ ಹೋದ. ಮ್ಯಾನೇಜರ ಕೋಣೆಯಲ್ಲಿ ಎಕ್‌ಹಾರ್ಟ್ ಇದ್ದ, ಹೈಡ್ರುನ್ ಇದ್ದಳು, ಕಂಬಳಿ ಇತ್ತು, ಆರು ಸೀಸೆಗಳ ಒಂದೇ ವಾಸನೆ ಇತ್ತು. ಲಸಾದ್ ಕಣ್ಣು ಮುಚ್ಚಿ "ಯಾ ಲತೀಫ್" ಎಂದ.

"ನಿನ್ನೆ ನಿಮ್ಮ ಅಡುಗೆಯವನು ಅಂತ ಹೇಳ್ಕೊಂಡು ಒಬ್ಬ ಭಯಂಕರ ಮನುಷ್ಯ ಇಡೀ ದಿನ ನಮ್ಮ ಬೆನ್ನು ಬಿದ್ದಿದ್ದ," ಎನ್ನುತ್ತಿದ್ದ ಎಕ್‌ಹಾರ್ಟ್. "ದೂರು ಬರ್ಕೊಳ್ಳಿ. ಪೇಟೆಯ ಆ ಅಂಗಡಿಯವರು ದೇವರಂಥವರು, ಅವರಿಲ್ಲದಿದ್ದರೆ ನಾವು ಉಳೀತಾನೇ ಇರಲಿಲ್ಲ."

ಶೆಡ್ಲಿ ಲಸಾದನತ್ತ ಬೊಟ್ಟು ಮಾಡಿದ. "ಇವನೇನಾ?"

ಹೈಡ್ರುನ್ ಟೊಪ್ಪಿಯನ್ನು ನೋಡಿದಳು, ಸೌಟನ್ನು ನೋಡಿದಳು. ಅವಳ ಮುಖ ಅರಳಿತು. "ಛೇ ಛೇ! ಎಲ್ಲಾದರೂ ಉಂಟೆ! ಇವರು ನಮ್ಮ ಅಡುಗೆಯವರು, ಬಂಗಾರದಂಥ ಮನುಷ್ಯ. ಆ ಕಳ್ಳ ಬೋಳುತಲೆಯವನು, ಕಣ್ಣಲ್ಲೇ ಕೊಲೆ ಇತ್ತು." ಅವಳು ಲಸಾದನ ಕೈ ಹಿಡಿದು ಅನುಕಂಪದಿಂದ ಅಲುಗಿಸಿದಳು. "ನಿಮ್ಮ ಹೆಸರನ್ನ ಹೀಗೆ ಹಾಳು ಮಾಡ್ತಿದಾನಲ್ಲ ಅಂತಲೇ ನಮಗೆ ಬೇಜಾರು."

ಅವರು ಹೋದರು. ಲಸಾದನ ಎದೆಯಿಂದ ಕೋಟೆಯ ಕಲ್ಲೊಂದು ಉರುಳಿ ಬಿದ್ದಂತಾಯಿತು. ಅವನು ಸೌಟನ್ನು ಭುಜಕ್ಕೆ ಒರಗಿಸಿ ಬಾಗಿಲ ಕಡೆಗೆ ತಿರುಗಿದ. ಶೆಡ್ಲಿ ಎದ್ದು ಆ ಬಾಗಿಲು ಮುಚ್ಚಿದ.

"ದೂರು ಬಂತು ಲಸಾದ್. ಮಾತು ಅಂದ್ರೆ ಮಾತು. ಚಳಿಗಾಲಕ್ಕೆ ಮೊಟ್ಟೆ ಕೆಲಸ ನಿನಗಿಲ್ಲ."

"ಯಜಮಾನ್ರೇ! ನಾನಲ್ಲ ಅಂತ ಅವರೇ ಹೇಳಿದ್ರಲ್ಲ!"

"ಅವರು ಹೇಳಿದ್ರು. ಆದರೆ ನಿನ್ನೆ ಸಂಜೆಯಿಂದ ತೀಜಾನಿ ಫೋನ್ ಮಾಡಿದ, ಅತ್ತರಿನವನು ಮಾಡಿದ, ಬೆಳ್ಳಿಯವನು ಮಾಡಿದ. ಗಾಡಿಯವನಂತೂ ಮನೆಗೇ ಬಂದು ನನ್ನ ಹಣೆಗೆ ಮುತ್ತು ಕೊಟ್ಟ." ಶೆಡ್ಲಿಯ ದನಿ ಭಕ್ತಿಯಿಂದ ತಗ್ಗಿತು. "ಎಂಥಾ ಮಾಣಿಕ್ಯವನ್ನ ಒಲೆ ಮುಂದೆ ನಿಲ್ಲಿಸಿ ಸುಟ್ಟೆನಲ್ಲಪ್ಪ ನಾನು! ಎರಡು ವರ್ಷದಿಂದ ಆ ಹೆಬ್ಬಾಗಿಲಲ್ಲಿ ಒಬ್ಬನ್ನ ನಿಲ್ಲಿಸಿದೀನಿ, ಇಡೀ ವಾರ ಎಳೆದ್ರೂ ಅವನ ಕೈಲಿ ಒಂದು ಕಂಬಳಿ ಹೋಗಲ್ಲ. ನೀನು ಒಂದು ದಿನಕ್ಕೆ ಬೀದಿಯನ್ನೇ ಮಾರಿದೆ!"

"ನೀವು... ಅಲ್ಲಿ... ನಿಲ್ಲಿಸಿದೀರಾ?"

ಶೆಡ್ಲಿ ಪಕ್ಕದ ಕೋಣೆಯ ಬಾಗಿಲಿಗೆ, "ಬಾರೋ ಅಳಿಯಾ," ಎಂದು ಕೂಗಿದ. ಎತ್ತರದ ಆಳು ಒಳಬಂದ. ಇಸ್ತ್ರಿ ಅಂಗಿ, ಎಣ್ಣೆ ಮೀಸೆ. ಝುಹೇರ್ ಲಸಾದನಿಗೆ ಗೌರವದಿಂದ ತಲೆಬಾಗಿದ; ನಂತರ ಎರಡೂ ಕೈಯಿಂದ, ಮದುಮಗನ ಪೇಟ ತೆಗೆಯುವಷ್ಟು ಮೃದುವಾಗಿ, ಅವನ ತಲೆಯ ಟೊಪ್ಪಿಯನ್ನು ಎತ್ತಿ ತನ್ನ ತಲೆಗೆ ಇಟ್ಟುಕೊಂಡ. ಸರಿಯಾಗಿ ಕೂತಿತು.

"ನಾಳೆಯಿಂದ ಹೆಬ್ಬಾಗಿಲು ನಿನ್ನದು," ಎಂದ ಶೆಡ್ಲಿ. "ಚಳಿಗಾಲ ಪೂರ್ತಿ. ಒಲ್ಲೆ ಅಂದ್ರೆ ಮನೆ ಇದೆ."

ಆ ರಾತ್ರಿ ಲಸಾದ್ ಮನೂಬಿಯಾಳಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಶಾಲನ್ನು ಮತ್ತೆ ಕಪಾಟಿನಲ್ಲಿಟ್ಟಳು. ಆದರೆ ಬೀಗ ಹಾಕಲಿಲ್ಲ.

ಮರುದಿನ ಅವನು ಹೆಬ್ಬಾಗಿಲಲ್ಲಿ ನಿಂತ. ಯಾರೂ ಬರದಿರಲಿ ಎಂದು ಬೇಡಿಕೊಂಡ. ಬಂದರೂ ನಂಬದಿರಲಿ ಎಂದು ಬೇಡಿಕೊಂಡ. ನಂಬಲಾರರು ಎಂಬುದೊಂದೇ ಅವನಿಗಿದ್ದ ಧೈರ್ಯ. ಎರಡು ದಿನದ ಹಿಂದೆ ಅಪ್ಪಟ ನಿಜ ಹೇಳಿದಾಗಲೇ ನಂಬದ ಜನ, ಸುಳ್ಳು ಹೇಳಿದರೆ ನಂಬುತ್ತಾರೆಯೇ? ಹಿಂದಿನ ರಾತ್ರಿ ವಿಮಾನ ಇಳಿದಿದ್ದ ಹೊಸ ಜೋಡಿಯೊಂದು, ಕೈಗೆ ಅದೇ ಹೋಟೆಲಿನ ಪಟ್ಟಿ ಕಟ್ಟಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದಿತು.

ಲಸಾದ್ ನೆಲ ನೋಡುತ್ತ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ನಾನು... ನಿಮ್ಮ ಹೋಟೆಲಿನ ಅಡುಗೆಯವನು."

ಗಂಡಸು ನಿಂತ. ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಎರಡೂ ಕೈ ಚಾಚಿ ಲಸಾದನ ಕೈಯನ್ನು ಬಾಚಿ ಹಿಡಿದ.

"ಅಯ್ಯೋ, ನೀವೇ ಅಲ್ವಾ! ನೋಡಿದ ತಕ್ಷಣ ಗುರುತು ಸಿಕ್ತು!" ಎಂದು ಹೆಂಡತಿಯತ್ತ ತಿರುಗಿದ. "ನೋಡೇ, ಇವರೇ! ಸ್ವಾಮೀ, ಇವತ್ತು ಬೆಳಗ್ಗೆ ನೀವು ಹಾಕಿಕೊಟ್ಟ ಆಮ್ಲೆಟ್ ಇದೆಯಲ್ಲ, ಅಂಥದ್ದನ್ನ ನಾನು ಜನ್ಮದಲ್ಲೇ ತಿಂದಿರಲಿಲ್ಲ!"